ಹೊಳೆಯ ಹಂಜಕಿ, ಬ್ರೆಜಿಲಿನ ಅರಾರಾ

ಹಾಸನ

ಮೀನುಗಾರಿಕೆ ಇಲಾಖೆಯಲ್ಲಿ ನನ್ನದು ಕೆರೆಗಳಿಗೆ ಮೀನುಮರಿ ಬಿಡಿಸುವ ಕೆಲಸ. ಬಿಟ್ಟ ಮರಿ ಬದುಕಿತೋ ಕೊಕ್ಕರೆಯ ಪಾಲಾಯಿತೋ ಎಂದು ಆಮೇಲೆ ಹೋಗಿ ನೋಡುವುದೂ ನನ್ನದೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕೆರೆ ಏರಿಗಳ ಮೇಲೆ ಸೈಕಲ್ಲು ತುಳಿದುಕೊಂಡಿದ್ದವನನ್ನು ಜಪಾನಿಗೆ ಕಳಿಸುತ್ತಾರೆ ಎಂದಾಗ ನಾನೇ ನಂಬಲಿಲ್ಲ. ಅಲ್ಲಿ ತಣ್ಣೀರಿನ ಹೊಳೆಗಳ ಪಕ್ಕ ತೊಟ್ಟಿ ಕಟ್ಟಿ ಮೀನಿನ ಮೊಟ್ಟೆಗಳನ್ನು ಮರಿ ಮಾಡಿಸುತ್ತಾರೆ, ಒಂದು ವರ್ಷ ಇದ್ದು ಕಲಿತು ಬಾ ಎಂದರು ಮೇಲಿನವರು.

ಹಳೇಕೋಟೆಯ ಮನೆಯಲ್ಲಿ ಅವ್ವ ಸುದ್ದಿ ಕೇಳಿ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಅದ್ಯಾವ್ ದೇಸವೋ ಏನೋ. ಇಟ್ಟು ಸಿಕ್ಕದ ಕಡೀಕೆ ಓಗಿ ಏನ್ ತಿಂದೀಯ ಮಗ?"

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಜಯಮ್ಮನನ್ನು ಅರಕಲಗೂಡಿನ ಅವಳ ತವರಿನಲ್ಲಿ ಬಿಟ್ಟು ಹೊರಡುವುದೆಂದಾಯಿತು. ಅವಳು ಅಳಲಿಲ್ಲ. ಬಸ್ಸಿನ ಕಿಟಕಿಯ ಹತ್ತಿರ ನಿಂತು, "ಅಲ್ಲೂ ಒಳೆ ಐತಾ?" ಎಂದಳು.

"ಐತಂತೆ."

"ಅಂಗಾರೆ ಸರಿ, ಓಗ್ಬನ್ನಿ."

ಹೊಳೆ ಇದ್ದರೆ ಯಾಕೆ ಸರಿ ಎಂದು ಕೇಳುವಷ್ಟರಲ್ಲಿ ಬಸ್ಸು ಹೊರಟಿತು. ಮದ್ರಾಸಿನಲ್ಲಿ ಹಡಗು ಹತ್ತಿ ನೆಲ ಕಣ್ಮರೆಯಾದ ಮೇಲೂ ನಾನು ಅದನ್ನೇ ಯೋಚಿಸುತ್ತಿದ್ದೆ.

ಕೋಬೆ

ಹಡಗಿನಲ್ಲಿ ತಿಂದದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಅದನ್ನು ಬಿಟ್ಟುಬಿಡುತ್ತೇನೆ.

ಕೋಬೆ ದೊಡ್ಡ ಬಂದರು. ಇಳಿದ ಮರುದಿನ ಅಂಚೆ ಕಚೇರಿಗೆ ಹೋದೆ. ಅಲ್ಲಿ ಒಬ್ಬ ಹಿರಿಯರು ನನ್ನ ಕಡೆ ಮುಖ ಮಾಡಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ನಾನೂ ಬಗ್ಗಿದೆ. ಅವರು ಮತ್ತೆ ಬಗ್ಗಿದರು. ನಾನು ಇನ್ನೂ ಕೆಳಕ್ಕೆ ಬಗ್ಗಿದೆ. ಹೀಗೆ ಸುಮಾರು ಹೊತ್ತು ನಡೆದ ಮೇಲೆ ನೋಡುತ್ತೇನೆ, ಅವರ ಕಿವಿಯಲ್ಲಿ ಟೆಲಿಫೋನು! ತಂತಿಯ ಆ ತುದಿಯಲ್ಲಿ ಇದ್ದವರಿಗೆ ಅವರು ಬಗ್ಗುತ್ತಿದ್ದರು. ನಮ್ಮ ಕಡೆ ಫೋನಿನಲ್ಲಿ ಕಿರುಚುತ್ತಾರೆ, ಇಲ್ಲಿ ಬಗ್ಗುತ್ತಾರೆ. ಕಾಣದವರಿಗೂ ಮರ್ಯಾದೆ ಕೊಡುವ ಜನ ಎಂದು ಜಯಮ್ಮನಿಗೆ ಬರೆದೆ. ಬರೆದು ಮುಗಿಸಿದಾಗ, ನಾನೂ ಕಾಣದವಳೊಬ್ಬಳ ಕಡೆ ಬಗ್ಗಿ ಕೂತಿದ್ದೇನೆ ಅನ್ನಿಸಿತು.

ಅಲ್ಲಿ ಕೆಲವು ತಿಂಗಳು ಅವರ ಭಾಷೆ ಕಲಿಸಿದರು. ಮಳೆಗಾಲ ಹಿಡಿಯುವ ಹೊತ್ತಿಗೆ ಬೆಟ್ಟದ ಒಂದು ಹಳ್ಳಿಯ ಮೀನುಮರಿ ಕೇಂದ್ರಕ್ಕೆ ಕಳಿಸಿದರು.

ಹೊಳೆಯ ಹಳ್ಳಿ

ನನಗೆ ಗೊತ್ತುಮಾಡಿದ್ದು ಹೇಸಕು ಎಂಬ ರೈತನ ಮನೆ. ಐವತ್ತು ದಾಟಿದ ವಿಧುರ, ಮಕ್ಕಳಿಲ್ಲ. ಭತ್ತ ಬೆಳೆಯುತ್ತಿದ್ದ, ಮಿಕ್ಕ ಹೊತ್ತು ಊರಿನ ಪರವಾಗಿ ಹೊಳೆಯನ್ನು ಕಾಯುತ್ತಿದ್ದ. ಮನೆಯಲ್ಲಿ ಜೊತೆಗಿದ್ದವಳು ಅವನ ಅಕ್ಕ ತೋಮೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದ ಹಾಗೇ ತಲೆಯ ಮೇಲಿಂದ ಯಾರೋ "ಅರಾರಾ!" ಎಂದು ಕೂಗಿದರು. ಇಷ್ಟು ದೂರದಲ್ಲಿ ನಮ್ಮ ಊರಿನವರು ಯಾರಪ್ಪಾ ಎಂದು ತಲೆಯೆತ್ತಿದೆ. ಕೈಯಲ್ಲಿದ್ದ ಗಂಟು ಬಿತ್ತು. ನೋಡಿದರೆ ತೊಲೆಯ ಮೇಲೆ ಒಂದು ಗಿಳಿ. ಗಿಳಿ ಎಂದರೆ ನಮ್ಮ ಸೀಬೆ ಮರಕ್ಕೆ ಬರುವ ಗಿಳಿಯಲ್ಲ. ಬಾಲವೂ ಸೇರಿದರೆ ನನ್ನ ತೋಳಿಗಿಂತ ಉದ್ದ. ಬೆನ್ನೆಲ್ಲ ನೀಲಿ, ಎದೆ ಹುಚ್ಚೆಳ್ಳಿನ ಹೊಲ ಹೂ ಬಿಟ್ಟ ಹಾಗೆ ಹಳದಿ, ಬಿಳಿಯ ಬರಿಗೆನ್ನೆ, ಅಡಕತ್ತರಿಯಂಥ ಕಪ್ಪು ಕೊಕ್ಕು. ಮಕಾವ್ ಎನ್ನುತ್ತಾರೆ. ಬ್ರೆಜಿಲಿನ ಕಾಡಿನದು. ಅದರ ಕೂಗೇ ಅಲ್ಲಿಯವರ ಬಾಯಲ್ಲಿ ಅದರ ಹೆಸರಾಗಿದೆ: ಅರಾರಾ.

ಬ್ರೆಜಿಲಿನ ಹಕ್ಕಿ ಜಪಾನಿನ ಬೆಟ್ಟಕ್ಕೆ ಬಂದದ್ದು ತೋಮೆಯ ಜೊತೆ. ಹರೆಯದಲ್ಲಿ ಮದುವೆಯಾದ ಕೂಡಲೇ ಗಂಡ ಅವಳನ್ನು ಕಾಫಿ ತೋಟದ ಕೂಲಿಗೆಂದು ಬ್ರೆಜಿಲಿಗೆ ಕರೆದುಕೊಂಡು ಹೋದ. ಆ ಕಾಲದಲ್ಲಿ ಹಾಗೆ ಊರು ಊರೇ ಹಡಗು ಹತ್ತಿತಂತೆ. ಅಲ್ಲೇ ದುಡಿದು, ಜಮೀನು ಮಾಡಿ, ಇಬ್ಬರು ಗಂಡುಮಕ್ಕಳನ್ನು ಹೆತ್ತು, ಕೊನೆಗೆ ಗಂಡನನ್ನು ಮಣ್ಣು ಮಾಡಿದ ಮೇಲೆ ತೋಮೆಗೆ ತವರು ನೋಡಬೇಕು ಅನ್ನಿಸಿತು. ಮಕ್ಕಳು ಹಡಗು ಹತ್ತಿಸಿದರು. ಹಕ್ಕಿಯನ್ನು ಬಿಟ್ಟು ಬರಲಾಗದೆ ಜೊತೆಗೇ ತಂದಳು. ಬಂದು ಎರಡು ಬೇಸಿಗೆಯಾಗಿತ್ತು. ತಮ್ಮ ಅವಳಿಗೆಂದು ಮನೆಯ ಪೂರ್ವಕ್ಕೆ ಹೊಸ ಕೋಣೆ ಕಟ್ಟಿಸಿದ್ದ. ಅಕ್ಕ ಇನ್ನು ಎಲ್ಲೂ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿದ್ದ.

ಅವರ ಮಾತು ಕೋಬೆಯಲ್ಲಿ ನಾನು ಕಲಿತ ಪಾಠದ ಭಾಷೆಯಲ್ಲ, ಅಪ್ಪಟ ಹಳ್ಳಿಯದು. ನನ್ನ ಕಿವಿಗೆ ಅದು ಹಳೇಕೋಟೆಯ ಜಗಲಿಯ ಮಾತಿನಂತೆಯೇ ಕೇಳುತ್ತಿತ್ತು. ಹಾಗೆಯೇ ಬರೆಯುತ್ತಿದ್ದೇನೆ.

ಮೊದಲ ದಿನವೇ ಒಂದು ಫಜೀತಿಯಾಯಿತು. ತೋಮೆ ಯಾವುದೋ ಕಪ್ಪು ಹಿಟ್ಟನ್ನು ಕುದಿನೀರಿಗೆ ಹಾಕಿ ಕೋಲಿನಿಂದ ತೊಳಸಿ ಉಂಡೆ ಮಾಡಿ ಬಟ್ಟಲಿಗಿಟ್ಟಳು. ಅದು ಸೋಬಾ ಎಂಬ ಕಾಳಿನ ಹಿಟ್ಟು, ಆದರೆ ನನ್ನ ಕಣ್ಣಿಗೆ ಕಂಡದ್ದು ರಾಗಿಮುದ್ದೆ. ಎಷ್ಟೋ ತಿಂಗಳ ಮೇಲೆ ಕಂಡ ಮುದ್ದೆ! ಕೈಯಲ್ಲೇ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗಿದೆ. ಹೇಸಕು ಹಾರಿ ಬಂದು ನನ್ನ ಬೆನ್ನಿಗೆ ಗುದ್ದತೊಡಗಿದ.

"ಅಗೀದೇ ನುಂಗ್ಬುಟ್ಟ ಕಣಕ್ಕಾ! ಗಂಟ್ಲಿಗೆ ಸಿಕ್ಕಂಡದೆ!"

"ಸಿಕ್ಕಿಲ್ಲ, ಸಿಕ್ಕಿಲ್ಲ, ನಮ್ಮಲ್ಲಿ ತಿನ್ನುವುದೇ ಹೀಗೆ" ಎನ್ನಲು ಹೋದರೆ ಅವನ ಗುದ್ದಿಗೆ ಮಾತು ಹೊರಡುತ್ತಿರಲಿಲ್ಲ. ತೊಲೆಯ ಮೇಲೆ ಅರಾರಾ ರೆಕ್ಕೆ ಬಡಿದು ನಕ್ಕಿತು. ತೋಮೆಯ ನಗುವನ್ನು ಅದು ಕಲಿತಿತ್ತು. ಅವಳೂ ನಕ್ಕಳು. ಒಂದೇ ನಗು ಎರಡು ಕಡೆಯಿಂದ ಕೇಳಿದ ಹಾಗಾಯಿತು.

ಬಂಡೆಯ ಕೆಳಗೆ

ಹೇಸಕು ಹೊಳೆ ಕಾಯುತ್ತಿದ್ದದ್ದು ಮೀನಿಗಾಗಿ ಅಲ್ಲ, ಹಂಜಕಿಗಾಗಿ. ಅದು ಆ ಸೀಮೆಯ ಹೆಸರು. ಪುಸ್ತಕದಲ್ಲಿ ಜಪಾನಿನ ದೈತ್ಯ ಸಾಲಮ್ಯಾಂಡರ್. ನೋಡಲು ಹಲ್ಲಿ, ಕುಲದಲ್ಲಿ ಕಪ್ಪೆಯ ನೆಂಟ, ಗಾತ್ರದಲ್ಲಿ ಕೆಲವು ಮನುಷ್ಯನ ಎದೆಮಟ್ಟ ಉದ್ದ. ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನನ್ನು ಯಾರೂ ಮುಟ್ಟುವುದಿಲ್ಲವಲ್ಲ, ಹಾಗೆ ಇದನ್ನೂ ಮುಟ್ಟುವ ಹಾಗಿಲ್ಲ. ಅಲ್ಲಿ ಕಾಯುವುದು ದೇವರು, ಇಲ್ಲಿ ಕಾನೂನು.

ಬೇಸಿಗೆ ಇಳಿಯುವ ಹೊತ್ತಿಗೆ ಒಂದು ಸಂಜೆ ಹೇಸಕು ನನ್ನನ್ನು ಮೊಣಕಾಲುದ್ದ ನೀರಿಗೆ ಇಳಿಸಿದ. ದಡದ ಬಂಡೆಯ ಬುಡದಲ್ಲಿ ಒಂದು ಬಿಲ. "ಅಲ್ನೋಡು, ಯಜಮಾನ ಕುಂತವ್ನೆ" ಎಂದ. ನನಗೆ ಕಲ್ಲು ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಕಲ್ಲು ಬಾಯಿ ತೆರೆಯಿತು.

ಹೆಣ್ಣು ಬಂದು ಮೊಟ್ಟೆಯ ಸರವನ್ನು ಇಟ್ಟು ಹೋಗಿಬಿಡುತ್ತದೆ. ಬಿಲದ ಯಜಮಾನ ಗಂಡು. ಅದು ಅಲ್ಲೇ ಕೂತು, ಬಾಲದಿಂದ ನೀರು ಆಡಿಸಿ ಮೊಟ್ಟೆಗಳಿಗೆ ಗಾಳಿ ಕೊಟ್ಟು, ಮರಿಗಳು ಹೊರಟು ಹೋಗುವವರೆಗೂ ಚಳಿಗಾಲವೆಲ್ಲ ಕಾಯುತ್ತದೆ. ಕಣ್ಣು ಗುಂಡುಸೂಜಿಯ ತಲೆಯಷ್ಟು, ರೆಪ್ಪೆಯಿಲ್ಲ. ಉಸಿರಾಟ ಬಹುಮಟ್ಟಿಗೆ ಚರ್ಮದಿಂದಲೇ. ಪಕ್ಕೆಯ ಮಡಿಕೆಗಳು ಸಡಿಲ ಅಂಗಿಯಂತೆ ಅಲುಗುತ್ತಿದ್ದವು. ಮುಟ್ಟಿದರೆ ಲೋಳೆ ಬಿಡುತ್ತದೆ, ಅದಕ್ಕೆ ನಮ್ಮ ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಘಾಟು. ಆ ವಾಸನೆಗೆ ನನಗೆ ಊರು ಎದ್ದು ಬಂದ ಹಾಗಾಯಿತು. ಹೊಳೆಯ ನಡುವೆ ಸುಮ್ಮನೆ ನಿಂತುಬಿಟ್ಟೆ.

"ಎದ್ರುಕೊಂಡ್ಯಾ?" ಎಂದ ಹೇಸಕು.

"ಇಲ್ಲ. ಮನೆ ನೆಪ್ಪಾಯಿತು."

ಅವನು ದಡಕ್ಕೆ ಹತ್ತಲು ಕೈ ಕೊಟ್ಟ.

ಊಟದ ಹೊತ್ತಿಗೆ ದಿನಾ ಅಕ್ಕತಮ್ಮಂದಿರಿಗೆ ಒಂದೇ ವಾದ, ಹಂಜಕಿ ಹೆಚ್ಚೋ ಅರಾರಾ ಹೆಚ್ಚೋ. ತೋಮೆ ಶುರುಮಾಡುವಳು. "ನಿನ್ನ ಹಂಜಕಿ ಯಾವತ್ತಾದ್ರೂ ಒಂದ್ ಮಾತಾಡದೇನ್ಲಾ? ಅದು ಸತ್ರೂ ಗೊತ್ತಾಗಕಿಲ್ಲ, ಇದ್ರೂ ಗೊತ್ತಾಗಕಿಲ್ಲ."

"ನಿನ್ನ ಅರಾರಾ ಬಾಯ್ ಮುಚ್ಚಿದ್ದು ನಾನ್ ಕಂಡಿಲ್ಲ. ನಂದು ತಿಂಗ್ಳುಗಟ್ಲೆ ಉಂಡಿಲ್ದಿದ್ರೂ ಯಾರ್ನೂ ಕೇಳಕಿಲ್ಲ."

"ಮರಿ ಕಾಯಕ್ಕೆ ಎಡ್ತಿ ಬ್ಯಾಡ್ವಾ ಅದ್ಕೆ? ನಮ್ಮಲ್ಲಿ ಗಂಡೆಣ್ಣು ಒಟ್ಟಿಗೇ ಆರ್ತವೆ, ಒಟ್ಟಿಗೇ ಕುಂತ್ಕತವೆ. ಸಾಯಗಂಟ ಜೋಡಿ ಬಿಡಕಿಲ್ಲ."

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗುವರು. "ನೀನ್ ಓದ್ದೋನು, ಏಳು."

ಎರಡೂ ಹೆಚ್ಚುಕಮ್ಮಿ ಮನುಷ್ಯನಷ್ಟು ಬಾಳುವ ಜೀವಿಗಳು ಎಂದು ಹೇಳಿದೆ. ಒಂದು ಕಾಣಬಾರದೆಂದು ಕಲ್ಲಿನ ಬಣ್ಣ ಹೊತ್ತಿದೆ, ಇನ್ನೊಂದು ಕಾಣಲೆಂದೇ ಹುಟ್ಟಿದೆ. ಒಂದಕ್ಕೆ ತಣ್ಣೀರಿಲ್ಲದೆ ಉಸಿರಿಲ್ಲ, ಇನ್ನೊಂದಕ್ಕೆ ಬಿಸಿಲಿಲ್ಲದೆ ಸುಖವಿಲ್ಲ. ಹಂಜಕಿಗೆ ಒಂದು ಹೊಳೆ ಸಾಕು, ಆದರೆ ಅದೇ ಬೇಕು. ಅರಾರಾಗೆ ಯಾವ ಕಾಡಾದರೂ ಆದೀತು, ಪಕ್ಕದಲ್ಲಿ ಇನ್ನೊಂದು ಇರಬೇಕು. ಇಷ್ಟು ಹೇಳಿ ನಾನು ಜಾಣತನದಿಂದ ಸುಮ್ಮನಾದೆ. ತೋಮೆ ತನ್ನ ಬಟ್ಟಲನ್ನು ನೋಡುತ್ತಾ ಕೂತಳು. ಅವತ್ತು ಅವಳು ಸರಿಯಾಗಿ ಉಣ್ಣಲಿಲ್ಲ.

ಹಕ್ಕಿಯ ಜೊತೆ ಅವಳು ಆಡುತ್ತಿದ್ದದ್ದು ಬ್ರೆಜಿಲಿನ ಮಾತು, ಪೋರ್ಚುಗೀಸ್. ಬೆಳಿಗ್ಗೆ ಎದ್ದು ಬಾಗಿಲು ಸರಿಸಿ "ಬೋಂ ದಿಯಾ" ಎನ್ನುವಳು. ಶುಭದಿನ ಎಂದಂತೆ. ಹಕ್ಕಿಯೂ ಹಾಗೇ ಎನ್ನುವುದು. ಮೂವತ್ತು ವರ್ಷ ಆಡಿದ ಭಾಷೆಯನ್ನು ಆಡಲು ಅವಳಿಗೆ ಆ ಊರಿನಲ್ಲಿ ಬೇರೆ ಒಂದು ಪ್ರಾಣಿಯಿರಲಿಲ್ಲ. ನನಗೋ ಅದೂ ಇರಲಿಲ್ಲ. ಒಮ್ಮೊಮ್ಮೆ ಹೊಳೆಯ ದಡದಲ್ಲಿ ನಿಂತು ಸುಮ್ಮನೆ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದೆ. ಗೊರೂರು, ಹಳೇಕೋಟೆ, ಅರಕಲಗೂಡು. ಅರಕಲಗೂಡು ಎಂದಾಗ ದನಿ ಬೇರೆಯಾಗುತ್ತಿತ್ತು. ಹೊಳೆ ಇದ್ದರೆ ಸರಿ ಎಂದು ಜಯಮ್ಮ ಯಾಕೆ ಅಂದಳೋ ಆಗ ತಿಳಿಯಿತು.

ಮೊದಲ ಹಿಮ

ಚಳಿ ಬಂತು. ನಮ್ಮ ಮಾಗಿಯ ಚಳಿಗೆ ಒಂದು ಕಂಬಳಿ ಸಾಕು. ಇಲ್ಲಿಯದು ಮೂಳೆಗೆ ಇಳಿಯುವಂಥದ್ದು. ಹೊಳೆಯ ಬಂಡೆಗಳ ಮೇಲೆ ಹಿಮ ಕೂತ ದಿನ ಹೇಸಕು ಖುಷಿಯಾಗಿದ್ದ. ಬಿಲದೊಳಗೆ ಮೊಟ್ಟೆಗಳು ಒಡೆದು ಮರಿಯಾಗಿದ್ದವು, ಯಜಮಾನ ಇನ್ನೂ ಕಾಯುತ್ತಿದ್ದ.

ಮನೆಯೊಳಗೆ ಅರಾರಾ ಒಲೆಯ ಹತ್ತಿರ ಮುದುಡಿ ಕೂತಿತ್ತು. ಎದೆಯ ಹಳದಿ ಗರಿಗಳನ್ನು ಒಂದೊಂದಾಗಿ ತಾನೇ ಕಿತ್ತುಕೊಳ್ಳುತ್ತಿತ್ತು. ತೋಮೆ ಅದನ್ನು ತನ್ನ ಹತ್ತಿಯ ಕೋಟಿನೊಳಗೆ ಸೇರಿಸಿಕೊಂಡು ಓಡಾಡುವಳು. ಹೋದ ಚಳಿಗಾಲದಲ್ಲೂ ಹೀಗೇ ಆಗಿತ್ತಂತೆ.

ಒಂದು ಮಧ್ಯಾಹ್ನ ಇಬ್ಬರೂ ನನ್ನನ್ನು ಕೂರಿಸಿಕೊಂಡರು. ಹೇಸಕು ಕೇಳಿದ. "ಮರೆಮಾಚ್ದೆ ಏಳು. ಈ ಅಕ್ಕಿ ಈ ಚಳೀಲಿ ಉಳೀತದಾ?"

ತೋಮೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಯಾವ ಉತ್ತರ ಬೇಕು ಎಂಬುದು ನನಗೆ ಗೊತ್ತಾಯಿತು. ಉಳಿಯುವುದಿಲ್ಲ ಎಂದರೆ ಹಕ್ಕಿಯ ನೆಪದಲ್ಲಿ ಹಡಗು ಹತ್ತಬಹುದು, ತಮ್ಮನಿಗೆ ನೋವಾಗುವುದಿಲ್ಲ. ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ಯುರೋಪಿನ ಮೃಗಾಲಯಗಳಲ್ಲಿ ಹಿಮದ ನಡುವೆ ಇವು ಬದುಕುತ್ತವೆ ಎಂದು ಓದಿದ್ದೆ.

"ಬೆಚ್ಚಗಿಟ್ಟರೆ ಉಳಿಯುತ್ತೆ" ಎಂದೆ. "ಗರಿ ಕಿತ್ತುಕೊಳ್ಳುವುದು ಬರೀ ಚಳಿಗಲ್ಲ. ಬೇಸರಕ್ಕೂ ಕಿತ್ತುಕೊಳ್ಳುತ್ತೆ."

ಹೇಸಕು ದೊಡ್ಡ ಉಸಿರು ಬಿಟ್ಟು, "ಅಂಗಾರೆ ಆ ಕ್ವಾಣೆಗೂ ಒಂದ್ ಒಲೆ ಮಾಡಿಸ್ತೀನಿ ಬುಡು" ಎಂದು ಎದ್ದ.

"ಕೂತ್ಕಳ್ಲಾ" ಎಂದಳು ತೋಮೆ. ಅವನು ಕೂತ. "ಅಕ್ಕಿ ಉಳೀತದೆ ಅಂದ್ರು. ಸರಿ. ನಾನ್ ಉಳಿಯಕಿಲ್ಲ ಕಣಪ್ಪ."

ಹೇಸಕು ಒಲೆಯ ಕೆಂಡ ಕೆದಕಿದ.

"ನಾನ್ ಏನ್ ಕಮ್ಮಿ ಮಾಡ್ದೆ ಅಕ್ಕ?"

"ನೀನೇನೂ ಕಮ್ಮಿ ಮಾಡಿಲ್ಲ. ಅಲ್ಲಿದ್ದಾಗ ದಿನಾ ಈ ಒಳೆ ಕನಸಲ್ಲಿ ಬರದು. ಇಲ್ಲಿಗ್ ಬಂದ್ಮೇಲೆ ಒಂದ್ ದಿನಾನೂ ಬರ್ಲಿಲ್ಲ. ಈಗ ಕನಸಲ್ಲಿ ಅಲ್ಲೀ ಕೆಂಪು ಮಣ್ಣು ಬತ್ತದೆ, ಮೊಮ್ಮಕ್ಳು ಬತ್ತವೆ. ನನ್ ಮಕ್ಳಪ್ಪನ ಮಣ್ಣೂ ಅಲ್ಲೇ ಅದೆ. ನಾನ್ ಎಲ್ಲಿದ್ರೂ ಇನ್ನೊಂದ್ ಕಡೆಯೋಳೇ ಕಣೋ."

ನಮ್ಮ ಹೆಣ್ಣುಮಕ್ಕಳು ಗಂಡನ ಮನೆಯಲ್ಲಿ ತವರನ್ನು ನೆನೆದು ಅಳುವುದನ್ನು ಕೇಳಿದ್ದೇನೆ. ತವರಿನ ಒಲೆಯ ಮುಂದೆ ಕೂತು ಗಂಡನ ಮನೆಯ ಮಣ್ಣನ್ನು ನೆನೆಯುವವಳನ್ನು ಕಂಡದ್ದು ಅಲ್ಲೇ. ಹೇಸಕು ಎದ್ದು ಹೊಳೆಯ ಕಡೆ ಹೋದ. ಕತ್ತಲಾಗುವವರೆಗೂ ಬರಲಿಲ್ಲ.

ಮತ್ತೆ ಕೋಬೆ

ಮಕ್ಕಳು ಹಡಗಿಗೆ ಏರ್ಪಾಡು ಮಾಡಿದರು. ಆದರೆ ಹಕ್ಕಿಯನ್ನು ಕರೆದೊಯ್ಯುವ ಹಾಗಿರಲಿಲ್ಲ. ಬರುವಾಗಲೇ ಸಮುದ್ರದ ಮೇಲೆ ಸಾಯುವುದೊಂದು ಬಾಕಿಯಿತ್ತಂತೆ, ಈಗ ಎದೆಯ ಗರಿಯೂ ಇಲ್ಲ. ತೋಮೆ ಹೇಳಲಾರದೆ ಹೇಳಿದಳು. "ಇದ್ನ ನೋಡ್ಕತೀಯೇನ್ಲಾ?" ಹೇಸಕು ಹೊಸ ಒಲೆಯ ಇಟ್ಟಿಗೆಗಳನ್ನು ಆ ಕೋಣೆಗೆ ಹೊತ್ತು ಹಾಕತೊಡಗಿದ.

ಕೋಬೆಯ ಬಂದರಿನ ಧಕ್ಕೆಯಲ್ಲಿ ಜಾತ್ರೆಯಷ್ಟು ಜನ. ಬ್ರೆಜಿಲಿಗೆ ಹೊಸದಾಗಿ ಹೊರಟ ಸಂಸಾರಗಳು, ಅವರನ್ನು ಕಳಿಸಲು ಬಂದವರು. ಹಡಗಿನ ಕಟಕಟೆಯಿಂದ ಹೋಗುವವರು ಬಣ್ಣದ ಕಾಗದದ ಸುರುಳಿಗಳನ್ನು ಎಸೆಯುತ್ತಾರೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ದಡದವರ ಕೈಯಲ್ಲಿ. ಹಡಗು ಸರಿದಂತೆ ಸುರುಳಿ ಬಿಚ್ಚುತ್ತದೆ.

ತೋಮೆ ಎಸೆದ ಮೊದಲ ಸುರುಳಿ ನೀರಿಗೆ ಬಿತ್ತು. ಎರಡನೆಯದು ಯಾರದೋ ಟೋಪಿಗೆ ಸಿಕ್ಕಿತು. ಮೂರನೆಯದನ್ನು ಹೇಸಕು ಜನರನ್ನು ತಳ್ಳಿಕೊಂಡು ಹೋಗಿ ಹಿಡಿದ.

"ಅಕ್ಕ ಮೊದಲ್ನೇ ಸಲ ಓದಾಗ ನಾನ್ ಬಂದಿರ್ಲಿಲ್ಲ" ಎಂದ ನನಗೆ. "ಗದ್ದೆ ಕೆಲ್ಸ ಅದೆ, ಬ್ಯಾಡ ಅಂದ್ಬುಟ್ಟಿದ್ದ ನಮ್ಮಪ್ಪ."

ಹಡಗು ಕೂಗಿತು. ಸುರುಳಿ ಬಿಚ್ಚಿಕೊಂಡು ಹೋಯಿತು. ಪೂರ್ತಿ ಬಿಚ್ಚಿ ಬಿಗಿಯಾದಾಗ ಹೇಸಕು ಧಕ್ಕೆಯ ಅಂಚಿನವರೆಗೂ ನಡೆದ, ಇನ್ನೂ ಕೈ ಚಾಚಿದ. ನಾನು ಹಿಂದಿನಿಂದ ಅವನ ನಡುಪಟ್ಟಿ ಹಿಡಿದುಕೊಂಡಿದ್ದೆ. ಕಾಗದ ಹರಿಯಿತು. ಸುತ್ತಲೂ ಸಾವಿರಾರು ಕಾಗದಗಳು ಹರಿದು ನೀರಿಗೆ ಇಳಿಬಿದ್ದವು. ಧಕ್ಕೆಯಲ್ಲಿ ಯಾರೂ ಗಟ್ಟಿಯಾಗಿ ಅಳಲಿಲ್ಲ. ನಾನೊಬ್ಬನೇ ಅತ್ತದ್ದು. ನನ್ನ ಕಣ್ಣಿನ ಮುಂದೆ ಇದ್ದದ್ದು ಹಡಗಲ್ಲ, ಅರಕಲಗೂಡಿನ ಬಸ್ಸಿನ ಕಿಟಕಿ.

ಖಾಲಿ ಕೋಣೆ

ಅರಾರಾ ತಿನ್ನುವುದನ್ನು ನಿಲ್ಲಿಸಿತು. ತೋಮೆ ನಿಲ್ಲುತ್ತಿದ್ದ ಬಾಗಿಲನ್ನೇ ನೋಡುತ್ತಾ ಕೂತಿರುತ್ತಿತ್ತು. ಕಡಲೆಕಾಯಿ, ಸೇಬು, ನನ್ನ ಪಾಲಿನ ಸಿಹಿಗೆಣಸು, ಏನು ಇಟ್ಟರೂ ಕೆಳಗೆ ತಳ್ಳುತ್ತಿತ್ತು. ತಿಂಗಳುಗಟ್ಟಲೆ ಉಪವಾಸ ಇರಬಲ್ಲ ಪ್ರಾಣಿಯನ್ನು ಕಾದು ಅಭ್ಯಾಸವಾಗಿದ್ದ ಹೇಸಕುವಿಗೆ ಈ ಉಪವಾಸ ದಿಗಿಲು ಹುಟ್ಟಿಸಿತು. ಹೊಳೆಯ ಕಡೆ ಹೋಗುವುದನ್ನೇ ಬಿಟ್ಟು ಹಕ್ಕಿಯ ಎದುರು ಕೂತ.

ಒಂದು ಬೆಳಿಗ್ಗೆ ನಾನು ಮುಖ ತೊಳೆಯುತ್ತಿದ್ದೆ. ಪೂರ್ವದ ಕೋಣೆಯ ಬಾಗಿಲು ಸರಿದ ಸದ್ದು, ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು. "ಬೋಂ... ದಿಯಾ" ಎಂದ ಹೇಸಕು. ಆ ಹೊಳೆಯ ಸೀಮೆ ದಾಟಿ ಕೋಬೆಗಿಂತ ಆಚೆ ಹೋಗದವನು, ಹಕ್ಕಿಯನ್ನು ಎರಡು ವರ್ಷ ಬೈದವನು, ಮಗುವಿನಂತೆ ತಡವರಿಸುತ್ತಾ ಆ ಮಾತು ಆಡುತ್ತಿದ್ದ. ಹಕ್ಕಿ ಉತ್ತರಿಸಲಿಲ್ಲ. ಮರುದಿನವೂ ಇಲ್ಲ. ಅವನು ಬಿಡಲಿಲ್ಲ. ಅಕ್ಕ ಇನ್ನೇನೇನು ಅನ್ನುತ್ತಿದ್ದಳು ಎಂದು ನನ್ನನ್ನು ಕೇಳುವನು, ನೆನಪಾದಷ್ಟನ್ನು ನಾನು ಹೇಳಿಕೊಡುವೆ. ಹಾಸನ ಜಿಲ್ಲೆಯವನೊಬ್ಬ ಜಪಾನಿನ ರೈತನಿಗೆ ಬ್ರೆಜಿಲಿನ ಮಾತು ಕಲಿಸಿದ್ದು ಹೀಗೆ, ತಪ್ಪೋ ಸರಿಯೋ.

ಕೊನೆಗೊಂದು ದಿನ ಹಕ್ಕಿಯ ಬಿಳಿಗೆನ್ನೆ ಮೆಲ್ಲಗೆ ಕೆಂಪಾಯಿತು. ಮನಸ್ಸು ಎದ್ದಾಗ ಅವುಗಳ ಕೆನ್ನೆ ಹಾಗೆ ಕೆಂಪಾಗುತ್ತದೆ. ಮುಂದಕ್ಕೆ ಬಾಗಿ ಹೇಸಕುವಿನ ಬೆರಳಿನಿಂದ ಒಂದು ಕಡಲೆಕಾಯಿ ತೆಗೆದುಕೊಂಡು ಕಟುಂ ಎಂದು ಒಡೆಯಿತು.

"ತಿಂದ್ಬುಡ್ತು ಕಣಯ್ಯಾ!" ಎಂದು ಕೂಗಿಕೊಂಡ ಹೇಸಕು. ಸಿಪ್ಪೆಯ ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ನನಗೆ ತೋರಿಸಿದ.

ಹಿಮ ಕರಗುವ ಮೊದಲೇ ನನ್ನ ಅವಧಿ ಮುಗಿಯಿತು. ಬಸ್ಸಿನವರೆಗೆ ಹೇಸಕು ಬಂದ, ಕೋಟಿನ ಗುಂಡಿಗಳ ನಡುವಿನಿಂದ ಅರಾರಾದ ಕೊಕ್ಕು ಇಣುಕುತ್ತಿತ್ತು. ಇಬ್ಬರೂ ಬಗ್ಗಿದೆವು. ಹಕ್ಕಿಗೆ ಒತ್ತೀತು ಎಂದು ಅವನು ಅರ್ಧಕ್ಕೇ ಬಗ್ಗಿದ.

ಚನ್ನರಾಯಪಟ್ಟಣ

ಬೆಂಗಳೂರಿನಿಂದ ಹಾಸನದ ಬಸ್ಸು ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಂತಿತು. ಇಳಿದರೆ ಎದುರಿಗೆ ಜಯಮ್ಮ, ಜೊತೆಗೆ ಅವಳಣ್ಣ. ಹಾಸನದಲ್ಲಿ ಕಾಯಿರಿ ಎಂದು ಬರೆದಿದ್ದೆ. "ಇವ್ಳು ಕೇಳ್ಲಿಲ್ಲ ಕಣ್ ಬಾವ, ಇಲ್ಲಿಗಂಟ ಎಳ್ಕಬಂದ್ಬುಟ್ಲು" ಎಂದ ಅವನು.

ಬಸ್ಸಿನಲ್ಲಿ ಅವಳ ಪಕ್ಕ ಕೂತೆ. ತಂದ ಸಾಮಾನಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾನೇ ಹೇಳತೊಡಗಿದೆ. ಹಂಜಕಿ, ಅರಾರಾ, ತೋಮೆ, ಹರಿದ ಕಾಗದ, ಒಡೆದ ಕಡಲೆಕಾಯಿ, ಎಲ್ಲ. ಕೊಯ್ಲಾದ ರಾಗಿ ಹೊಲಗಳು ಹಿಂದೆ ಸರಿಯುತ್ತಿದ್ದವು. ಅವಳು ಮುಂದಿನ ಸೀಟಿನ ಕಂಬಿ ಹಿಡಿದು ಕೇಳುತ್ತಿದ್ದಳು.

ಕಥೆ ಮುಗಿಯುವವರೆಗೂ ಕಂಬಿ ಬಿಡಲಿಲ್ಲ. ಆಮೇಲೆ, "ಇನ್ನೊಂದ್ ದಪ ಕಳಿಸ್ತೀವಿ ಅಂದ್ರೆ ಓಗ್ತೀರಾ?" ಎಂದಳು.

"ಇಲ್ಲ ಮಾರಾಯ್ತಿ. ಸಾಕು."

"ಓಗಿ" ಎಂದಳು. "ಒಬ್ರೇ ಬ್ಯಾಡಿ."

ಅಣ್ಣ ಪಕ್ಕದ ಸಾಲಿನಲ್ಲೇ ಇದ್ದ. ಆದರೂ ಅವಳು ಕಂಬಿಯಿಂದ ಕೈ ತೆಗೆದು ನನ್ನ ಕೈಯ ಮೇಲಿಟ್ಟಳು. ಅವನು ಅತ್ತ ತಿರುಗಿ, ಹೊರಗೆ ಎಂದೂ ಕಾಣದ ಹೊಲಗಳಿವೆಯೇನೋ ಎಂಬಂತೆ ಹಾಸನದವರೆಗೂ ಕಿಟಕಿಯಾಚೆ ನೋಡುತ್ತಾ ಕೂತ.